ವಿದ್ಯೆಯ ಅಂಗಡಿ ಮತ್ತು ನ್ಯಾಯದ ತಕ್ಕಡಿ

(ಶೈಕ್ಷಣಿಕ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪವಿತ್ರ ಕುರ್‌ಆನಿನಲ್ಲಿ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯವಿದೆ. ಪಡೆಯುವಾಗ ಪೂರ್ತಿ ಅಳೆದು ಪಡೆದು, ಕೊಡುವಾಗ ಕಡಿಮೆ ಅಳೆದು ಕೊಡುವವರಿಗೆ ಅದು ವಿನಾಶದ ಎಚ್ಚರಿಕೆ ನೀಡುತ್ತದೆ. ಈ ಎಚ್ಚರಿಕೆಯನ್ನು ನಾವು ಅಕ್ಕಿ-ಬೇಳೆಯ ಅಂಗಡಿಗೆ ಮಾತ್ರ ಅನ್ವಯಿಸುತ್ತೇವೆ. ಆದರೆ ವಿದ್ಯೆಯೇ ಸರಕಾಗಿರುವ ಕಾಲದಲ್ಲಿ, ಶುಲ್ಕವನ್ನು ಪೂರ್ತಿ ಪಡೆದು ಶಿಕ್ಷಣವನ್ನು ಕಡಿಮೆ ಅಳೆದು ಕೊಡುವವರನ್ನು ವಿಚಾರಿಸುವವರಾರು? ಅಮೇರಿಕದಲ್ಲಿ ಒಂದೂವರೆ ದಶಕದಿಂದ ನಡೆದಿರುವ ವಿವಾದವೊಂದು ಈ ಪ್ರಶ್ನೆಯನ್ನೇ ಕುರಿತದ್ದಾಗಿದೆ.

ಅಲ್ಲಿ ವಿದ್ಯಾರ್ಥಿಗಳಿಗೆ ಸರಕಾರವೇ ಸಾಲ ಕೊಡುತ್ತದೆ. ಲಾಭಕ್ಕಾಗಿ ನಡೆಯುವ ಕಾಲೇಜುಗಳಿಗೆ ಈ ಹಣ ಸಲ್ಲಬೇಕಾದರೆ, ಅವು ವಿದ್ಯಾರ್ಥಿಗಳನ್ನು ಜೀವನೋಪಾಯ ನೀಡುವ ಉದ್ಯೋಗಕ್ಕೆ ಸಿದ್ಧಗೊಳಿಸಬೇಕೆಂಬುದು 1965ರ ಉನ್ನತ ಶಿಕ್ಷಣ ಕಾನೂನಿನಡಿಯ ಷರತ್ತು. ಷರತ್ತು ಕಾಗದದಲ್ಲಿ ಉಳಿಯಿತು. ಬಡವರು, ಕಪ್ಪು ಜನಾಂಗದವರು, ಒಂಟಿ ತಾಯಂದಿರು, ನಿವೃತ್ತ ಯೋಧರು - ಇವರನ್ನೇ ಹುಡುಕಿ, ಕೆಲಸದ ಆಸೆ ತೋರಿಸಿ, ಬಡ್ಡಿಯ ಸಾಲಕ್ಕೆ ಸಹಿ ಹಾಕಿಸಿದ ಸಂಸ್ಥೆಗಳು ಬೆಳೆದವು. ಇಂಥ ಸಂಸ್ಥೆಗಳಲ್ಲೊಂದಾದ ಕೊರಿಂಥಿಯನ್ ಕಾಲೇಜು ಸಮೂಹವು 2015ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಕಲಿತಿದ್ದ 5,60,000 ಮಂದಿಯ 580 ಕೋಟಿ ಡಾಲರ್ ಸಾಲವನ್ನು 2022ರಲ್ಲಿ ಸರಕಾರ ಮನ್ನಾ ಮಾಡಬೇಕಾಯಿತು. ಮೋಸಗಾರನ ಲಾಭಕ್ಕೆ ಕೊನೆಗೆ ಬೆಲೆ ತೆತ್ತದ್ದು ತೆರಿಗೆದಾರನೇ!

ಆ ಷರತ್ತಿಗೆ ಜೀವ ತುಂಬಲು ಒಬಾಮಾ ಸರಕಾರ 2011ರಲ್ಲಿ ನಿಯಮ ರೂಪಿಸಿತು. ಮರುವರ್ಷ ನ್ಯಾಯಾಲಯವು ಅದನ್ನು ತಡೆಯಿತು. 2014ರಲ್ಲಿ ಹೊಸ ನಿಯಮ ಬಂತು. ಪದವೀಧರರ ವಾರ್ಷಿಕ ಸಾಲದ ಕಂತು ಅವರ ವರಮಾನದ ಶೇ. 8ರೊಳಗೆ, ಅಥವಾ ಜೀವನಾವಶ್ಯಕ ವೆಚ್ಚ ಕಳೆದು ಉಳಿಯುವ ವರಮಾನದ ಶೇ. 20ರೊಳಗೆ ಇದ್ದರೆ ಕೋರ್ಸು ತೇರ್ಗಡೆ. 2017ರ ಜನವರಿಯಲ್ಲಿ ಮೊದಲ ಫಲಿತಾಂಶ ಪ್ರಕಟವಾದಾಗ 800ಕ್ಕೂ ಹೆಚ್ಚು ಕೋರ್ಸುಗಳು ಅನುತ್ತೀರ್ಣವಾದವು. ಅವುಗಳಲ್ಲಿ ಶೇ. 98 ಲಾಭಕೋರ ಸಂಸ್ಥೆಗಳದ್ದು. 2019ರಲ್ಲಿ ಟ್ರಂಪ್ ಸರಕಾರ ನಿಯಮವನ್ನೇ ರದ್ದುಪಡಿಸಿತು. 2023ರಲ್ಲಿ ಬೈಡನ್ ಸರಕಾರ ಅದನ್ನು ಮತ್ತೆ ತಂದಿತು. ಬಂಡವಾಳದ ಪ್ರಭಾವ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದರೆ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2017ರಲ್ಲಿ ಸೋತವುಗಳಲ್ಲಿ ಹಾರ್ವರ್ಡ್‌ನ ರಂಗಭೂಮಿ ತರಬೇತಿಯೂ ಸೇರಿತ್ತು. ಅಲ್ಲಿ ಕಲಿತವರ ಸಾಲ ಸುಮಾರು 78,000 ಡಾಲರ್, ವಾರ್ಷಿಕ ವರಮಾನ ಸುಮಾರು 36,000 ಡಾಲರ್. ನಾಟಕ ಕಲಿತದ್ದು ಅಪರಾಧವೇ? ಖಂಡಿತ ಅಲ್ಲ. ಕಡಿಮೆ ಸಂಪಾದನೆಯ ವಿದ್ಯೆಗೆ ಅಷ್ಟು ದೊಡ್ಡ ಸಾಲ ಹೊರಿಸಿದ್ದು ಅಪರಾಧ. ಸಂಸ್ಥೆ ಎಷ್ಟು ಪಡೆಯಿತು, ಎಷ್ಟು ಕೊಟ್ಟಿತು ಎಂದು ಎರಡೂ ತಟ್ಟೆಗಳನ್ನು ನೋಡಿದ ಆ ಅಳತೆಯಲ್ಲಿ ನ್ಯಾಯದ ಅಂಶವಿತ್ತು.

2025ರ ಜುಲೈಯಲ್ಲಿ ಅಂಗೀಕಾರವಾದ ಕಾನೂನು ಪದವಿ ಕೋರ್ಸುಗಳೆಲ್ಲಕ್ಕೂ ಬೇರೆ ಅಳತೆಯನ್ನು ತಂದಿದೆ. ಕಲಿಕೆ ಮುಗಿಸಿ 4 ವರ್ಷಗಳಾದ ಪದವೀಧರರು, ಕೇವಲ ಪ್ರೌಢಶಾಲೆ ಮುಗಿಸಿದ 25ರಿಂದ 34 ವಯಸ್ಸಿನ ದುಡಿಯುವವರಿಗಿಂತ ಕಡಿಮೆ ಸಂಪಾದಿಸಿದರೆ ಕೋರ್ಸು ಸೋತಂತೆ. 3 ವರ್ಷಗಳಲ್ಲಿ 2 ಬಾರಿ ಸೋತರೆ ಸರಕಾರಿ ಸಾಲದ ಸೌಲಭ್ಯವಿಲ್ಲ. ಈ ತಕ್ಕಡಿಯಲ್ಲಿ ಸಾಲದ ತಟ್ಟೆಯೇ ಇಲ್ಲ! ಎಳೆಯ ಮಕ್ಕಳನ್ನು ಪೋಷಿಸಿ ಕಲಿಸುವ ಹೆಣ್ಣುಮಗಳಿಗೆ ಸಮಾಜ ಕೊಡುವ ಸಂಬಳವೇ ಕಡಿಮೆ. ಆಕೆಗೆ ಅಲ್ಪ ಶುಲ್ಕದಲ್ಲಿ ಪ್ರಾಮಾಣಿಕವಾಗಿ ಕಲಿಸಿದ ಕಾಲೇಜೂ ಸೋಲಬಹುದು. ದೊಡ್ಡ ಸಂಬಳದ ವೃತ್ತಿಗೆ ದುಬಾರಿ ಶುಲ್ಕ ಸುಲಿಯುವ ಕಾಲೇಜು ಗೆಲ್ಲಬಹುದು. ಸಾಲ ಹೊತ್ತು, ಓದನ್ನು ಅರ್ಧಕ್ಕೇ ಬಿಟ್ಟವರಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ನೊಂದವರು ಅವರಲ್ಲವೇ?

ಪ್ರವಾದಿ(ಸ)ರು ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆ ಪ್ರಯೋಜನವನ್ನು ಸಂಬಳದ ಚೀಟಿಯಲ್ಲಿ ಮಾತ್ರ ಹುಡುಕುವವನು ವಿದ್ಯೆಯ ಅರ್ಥವನ್ನು ಕುಗ್ಗಿಸುತ್ತಾನೆ. ಹಾಗೆಂದು, ‘ವಿದ್ಯೆಯನ್ನು ಹಣದಿಂದ ಅಳೆಯಬಾರದು’ ಎಂಬ ಮಾತಿನ ಮರೆಯಲ್ಲಿ ಬಡವರ ಮಕ್ಕಳಿಂದ ಹಣ ಅಳೆದು ಪಡೆಯುವವನು ಇನ್ನೂ ದೊಡ್ಡ ಅಪರಾಧಿ.

ಸಹೋದರರೇ, ಇದು ದೂರದ ದೇಶದ ಕತೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಲ್ಲೇ ಬಂತು. ಅದು ಪಡೆಯುವ ಕೈಯನ್ನು ತಡೆಯಲು ಹೊರಟ ಕಾನೂನು. ಕೊಡುವ ಕೈಯನ್ನು ಪರೀಕ್ಷಿಸುವ ಹೊಣೆ ನಮ್ಮದೂ ಹೌದು. ಸಮುದಾಯದ ಹೆಸರಿನಲ್ಲಿ ಸಂಸ್ಥೆ ಕಟ್ಟಿದ ನಾವು ಕೇಳಿಕೊಳ್ಳೋಣ: ನಮ್ಮ ಮಕ್ಕಳು ಎಷ್ಟು ಸಾಲ ಹೊತ್ತು ಹೊರಹೋಗುತ್ತಾರೆ? ಎಷ್ಟು ಮಂದಿ ನಡುವೆ ಬಿಟ್ಟರು, ಏಕೆ ಬಿಟ್ಟರು? ತಾಯಿಯ ಬಳೆ ಅಡವಿಟ್ಟು ಬಂದ ಶುಲ್ಕಕ್ಕೆ ನಾವು ಸರಿಯಾಗಿ ಅಳೆದು ಕೊಟ್ಟಿದ್ದೇವೆಯೇ? ಈ ಉತ್ತರಗಳನ್ನು ಪ್ರವೇಶಾತಿಗೆ ಮೊದಲೇ ಪೋಷಕರ ಮುಂದಿಡುವ ಧೈರ್ಯ ನಮ್ಮ ಆಡಳಿತ ಮಂಡಳಿಗಳಿಗೆ ಬರಬೇಕು.

ಸರಕಾರದ ತಕ್ಕಡಿ ಚುನಾವಣೆಗೊಮ್ಮೆ ಬದಲಾಗಬಹುದು. ನಾವು ಕೊನೆಗೆ ನಿಲ್ಲಬೇಕಾದ ತಕ್ಕಡಿ ಬದಲಾಗುವುದಿಲ್ಲ. ಸರಿಯಾಗಿ ಅಳೆದು ಕೊಡುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.