ಹಬ್ಬದ ಮರುದಿನದ ಸೂಪು

ಸೆಪ್ಟೆಂಬರ್ ಮೊದಲ ವಾರ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ, ಮಳೆ ಮಾತ್ರ ಮುಗಿದಿರುವುದಿಲ್ಲ. ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಕೈಲ್‌ಪೊಳ್ದ್ ಹಬ್ಬ ಆಚರಿಸಿದ ಕೊಡವರ ಮನೆಗಳಲ್ಲಿ ಅಕ್ಕಿಯ ಕಡಂಬುಟ್ಟು ಖಾಲಿಯಾದರೂ ಹಂದಿ ಮಾಂಸದ ಪಂದಿಕರಿ ಉಳಿದಿರುತ್ತದೆ. ಕೊಡಗಿನಲ್ಲಿ ಕಾವೇರಿಯ ದಂಡೆಯಲ್ಲಿರುವ ನೆಲ್ಯಹುದಿಕೇರಿಯಲ್ಲಿ ಹೀಗೆ ಮಾಂಸ ಉಳಿಯುವ ಹಬ್ಬಗಳು ಒಂದೆರಡಲ್ಲ. ಮಲಯಾಳ ಮಾತಾಡುವ ಮುಸ್ಲಿಮರ ಮನೆಗಳಲ್ಲಿ ಬಕ್ರೀದ್ ಇದೆ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಇದೆ.

ಉಳಿದದ್ದನ್ನು ಒಲೆಯ ಮೇಲಿಟ್ಟು ಮತ್ತೆ ಮತ್ತೆ ಕುದಿಸುವುದು ಎಲ್ಲ ಮನೆಗಳ ರೂಢಿ. ಮಾಂಸ ಕೆಡುವುದು ಅಲ್ಲೇ. ಬೆಂದ ಮಾಂಸದ ಎಳೆಗಳು ಪ್ರತಿ ಕುದಿಗೂ ಬಿಗಿಯುತ್ತಾ, ಒಳಗಿನ ರಸವನ್ನು ಹಿಂಡಿ ಹೊರಗೆ ಹಾಕುತ್ತವೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ಬೇಯುವಾಗ ಬಿಡುಗಡೆಯಾಗಿ, ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಬೇಗ ವರ್ತಿಸುವಂತೆ ಮಾಡುತ್ತದೆ. ಹಳೆಯ ಮಾಂಸದ ಮುಗ್ಗಲು ವಾಸನೆ ಬರುವುದು ಇದರಿಂದ. ಸೂಪು ಇದಕ್ಕೆ ಒಳ್ಳೆಯ ಪರಿಹಾರ. ಅದರಲ್ಲಿ ಕುದಿಯುವ ಕೆಲಸವೆಲ್ಲ ಮೂಳೆಯದು. ಮಾಂಸ ಬಿಸಿಯಾದರೆ ಸಾಕು.

ನಾಲ್ಕು ಜನರಿಗೆ ಒಂದೂಕಾಲು ಲೀಟರ್ ನೀರು, ಉಳಿದ ಮೂಳೆ, ಜಜ್ಜಿದ ಶುಂಠಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಬೇಕು. ಮೂಳೆ ಇಲ್ಲದಿದ್ದರೆ ಪಾತ್ರೆಯ ತಳದಲ್ಲಿ ಉಳಿದ ಮಸಾಲೆಯೇ ಎರಡು ದೊಡ್ಡ ಚಮಚ ಸಾಕು. ಆರಿದ ಪಂದಿಕರಿಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬನ್ನು ಮೊದಲೇ ತೆಗೆದಿಡಿ. ಅದರಡಿಯಲ್ಲಿ ಅಲುಗಾಡುವ ಲೋಳೆ ಮಾತ್ರ ಬಿಸಾಡುವಂಥದ್ದಲ್ಲ. ಚರ್ಮ, ಕೀಲುಗಳಿಂದ ಇಳಿದ ಜೆಲಟಿನ್ ಅದು, ಸೂಪನ್ನು ಮಂದವಾಗಿಸುವುದು ಅದೇ. ಮೂಲಂಗಿ, ಸೊಪ್ಪು ಹಾಕಿ, ಕೊನೆಗೆ ತೆಳ್ಳಗೆ ಸೀಳಿದ ಸುಮಾರು ಕಾಲು ಕಿಲೋ ಮಾಂಸ ಸೇರಿಸಿ, ಒಳಗಿನವರೆಗೂ ಹಬೆಯಾಡುವಷ್ಟು ಬಿಸಿಯಾಗುವವರೆಗೆ ಎರಡು ಮೂರು ನಿಮಿಷ ಕುದಿಸಿದರಾಯಿತು. ಉಪ್ಪು ಕಡೆಗೆ, ರುಚಿ ನೋಡಿಯೇ. ಕರಿಯಲ್ಲಿ ಆಗಲೇ ಉಪ್ಪಿದೆ. ಆಗಷ್ಟೇ ಕುಟ್ಟಿದ ತೋಟದ ಕಾಳುಮೆಣಸು, ಅರ್ಧ ಚಮಚ ಕಾಚಂಪುಳಿಯ ಹುಳಿ ರಸ. ಇವೆರಡು ಬಿದ್ದರೆ ಸೂಪು ಕೊಡಗಿನದಾಗುತ್ತದೆ.

ಸೂಪಿಗೆ ಜೊತೆಯಾಗಿ ನೂಡಲ್ಸ್? ಪೇಟೆಯ ಪೊಟ್ಟಣ ಬೇಕಾದರೆ ಇದೆ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಕಂಡುಹಿಡಿದ ದಿಢೀರ್ ನೂಡಲ್ಸ್ ಈಗ ಊರೂರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಕ್ಕಿಹಿಟ್ಟಿನ ಮುದ್ದೆಯನ್ನು ಶಾವಿಗೆ ಒರಳಿನಲ್ಲಿ ಒತ್ತಿ ಎಳೆ ತೆಗೆಯುವ ನೂಪುಟ್ಟು ಕೊಡಗಿನ ಮನೆಯಲ್ಲೇ ಇರುವಾಗ ಅದೇಕೆ? ತಣ್ಣಗಾದ ನೂಪುಟ್ಟು ಗಡುಸಾಗಲು ಕಾರಣ, ಅಕ್ಕಿಯ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂಡಿಕೊಳ್ಳುವುದು. ಬಿಸಿ ರಸ ತಾಕಿದರೆ ಆ ಜೋಡಣೆ ಸಡಿಲಿ ಎಳೆ ಮೆತ್ತಗಾಗುತ್ತದೆ. ಹಾಗಾಗಿ ಅದನ್ನು ಸೂಪಿನಲ್ಲಿ ಕುದಿಸಬಾರದು, ಕರಗಿ ಗಂಜಿಯಾಗುತ್ತದೆ. ಬಟ್ಟಲಿಗೆ ಹಾಕಿ, ಮೇಲಿಂದ ಕುದಿಯುವ ಸೂಪು ಸುರಿಯಬೇಕು.

ಸೂಪು, ನೂಡಲ್ಸ್‌ಗಳ ಈ ಜೋಡಿ ಕೊಡಗಿನ ನೆರೆಯೂರಿಗೆ ಹೊಸದೇನಲ್ಲ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಬೈಲಕುಪ್ಪೆ. 1961ರಿಂದ ಅಲ್ಲಿ ನೆಲೆ ನಿಂತ ಟಿಬೆಟಿಯನ್ನರ ದಿನದ ಊಟವೇ ಥುಕ್ಪಾ, ಮಾಂಸದ ರಸದಲ್ಲಿ ಗೋಧಿಯ ನೂಡಲ್ಸ್. ಹೊಸ ವರ್ಷ ಲೋಸರ್‌ಗೆ ಮುನ್ನ, ಅವರ ಪಂಚಾಂಗದ ಹನ್ನೆರಡನೆಯ ತಿಂಗಳ 29ನೆಯ ರಾತ್ರಿ, ಒಂಬತ್ತು ಪದಾರ್ಥಗಳ ಗುಥುಕ್ ಕುಡಿಯುತ್ತಾರೆ. ಅದರ ದೊಡ್ಡ ಹಿಟ್ಟಿನುಂಡೆಗಳಲ್ಲಿ ಮೆಣಸಿನಕಾಯಿಯೋ ಇದ್ದಿಲೋ ಅಡಗಿರುತ್ತದೆ. ಮೆಣಸಿನಕಾಯಿ ಸಿಕ್ಕವರು ಬಾಯಾಳಿಗಳು ಎಂದು ಮನೆಯವರೆಲ್ಲ ನಗುತ್ತಾರೆ. ಸೂಪಿಗೆ ಮೂಲಂಗಿ ಹಾಕುವ ಪಾಠ ಅವರಿಂದಲೇ ಕಲಿಯಬೇಕಾದದ್ದು.

ಇನ್ನು, ಎಚ್ಚರಿಕೆಯ ಮಾತು. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಮಾಂಸವನ್ನು ಅಗಲವಾದ ಪಾತ್ರೆಗಳಿಗೆ ಹಂಚಿ ಫ್ರಿಜ್‌ಗೆ ಸೇರಿಸಬೇಕು. ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಕಾಚಂಪುಳಿ ಇದೆ, ಕೆಡುವುದಿಲ್ಲ ಎಂಬ ನಂಬಿಕೆ ಸಾಲದು. ನೂಪುಟ್ಟಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಉಳಿಯಬಲ್ಲವು. ರಾತ್ರಿಯಿಡೀ ಹೊರಗಿಟ್ಟ ಅಕ್ಕಿ ತಿಂಡಿಯಲ್ಲಿ ಅವು ಮೊಳೆತು ಬೆಳೆದು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ನೂಪುಟ್ಟೂ ಫ್ರಿಜ್‌ಗೇ ಹೋಗಲಿ. ಮಳೆಗಾಲದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕರೆಂಟ್ ಹೋಗಿ ಫ್ರಿಜ್‌ನ ತಂಪು ಇಳಿದಿದ್ದರೆ, ಎಷ್ಟೇ ಆಸೆಯ ಮಾಂಸವಾದರೂ ಬಿಟ್ಟುಬಿಡಿ. ಪ್ರತಿ ಸಲವೂ ಆಗಿನ ಸೂಪಿಗೆ ಬೇಕಾದಷ್ಟನ್ನೇ ಫ್ರಿಜ್‌ನಿಂದ ಹೊರತೆಗೆಯಿರಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಎತ್ತಿಡಬೇಡಿ.