ಕಾದಂಬರಿಕಾರನ ಕಿರ್ದಿ

(ಬೆಳಗಾವಿಯ ರವಿವಾರ ಪೇಟೆಯಲ್ಲಿ ಕೂಡಿದ ವಾಚಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಪೇಟೆಯಲ್ಲಿ ನಿಂತು ಕಾದಂಬರಿಯ ಮಾತನ್ನೆತ್ತುವದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಇದು ಕಾಳುಕಡಿಗಳ ಪೇಟೆ. ಇಲ್ಲಿ ತಕ್ಕಡಿಗೂ ಲೆಕ್ಕಕ್ಕೂ ಇರುವ ಮಾನ್ಯತೆಯು ಕಥೆಗೆಲ್ಲಿಯದು? ಆದರೆ ನಾನು ಇಂದು ಹೇಳಬೇಕೆಂದಿರುವದನ್ನು ನಿಮ್ಮಷ್ಟು ಬೇಗನೆ ತಿಳಿದುಕೊಳ್ಳುವವರು ಬೇರೆ ಇರಲಾರರು. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ನೀವು ಕಿರ್ದಿ-ಖಾತೆಗಳ ವಹಿಗಳಿಗೆ ಅರಿಷಿಣ ಕುಂಕುಮಗಳನ್ನೇರಿಸಿ ಕೈಮುಗಿಯುತ್ತೀರಿ. ಏತಕ್ಕೆ? ಅಂಗಡಿಯೊಳಗಿನ ಮಾಲು ಇಂದು ಬಂದು ನಾಳೆ ಹೋಗತಕ್ಕದ್ದು. ಅಂಗಡಿಯು ಹೇಗೆ ಬದುಕಿತು, ಯಾರ ವಿಶ್ವಾಸದ ಮೇಲೆ ನಿಂತಿತು ಎಂಬುದು ಮಾತ್ರ ವಹಿಯಿಂದಲ್ಲದೆ ತಿಳಿಯದು. ಗ್ರಂಥಕ್ಕೂ ಇಂಥದೊಂದು ವಹಿಯುಂಟು. ಅದನ್ನು ನಾವು ಕನ್ನಡಿಗರು ಕಾಯ್ದಿಟ್ಟುಕೊಂಡಿದ್ದೇವೆಯೇ ಎಂಬುದೇ ನನ್ನ ಪ್ರಶ್ನೆಯು.

ಉದಾಹರಣೆಗೆ ಗಳಗನಾಥರನ್ನೇ ತೆಗೆದುಕೊಳ್ಳೋಣ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿರುವ ಗಳಗನಾಥ ಗ್ರಾಮದಲ್ಲಿ ಜನಿಸಿದ ಇವರು, ನಿಮ್ಮಲ್ಲಿ ಅನೇಕರಂತೆ ಕನ್ನಡ ಶಾಲೆಯ ಮಾಸ್ತರರು. ಆಗ ಧಾರವಾಡ, ಬೆಳಗಾವಿ ಜಿಲ್ಲೆಗಳೆರಡೂ ಮುಂಬಯಿ ಇಲಾಖೆಯವು. ವಿದ್ಯಾವಂತರೆನಿಸಿದವರ ಕೈಯಲ್ಲಿ ಮರಾಠಿ ಪುಸ್ತಕ. ಕನ್ನಡವು ಅಡಿಗೆಮನೆಯ ಭಾಷೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದೇ ಈ ದುಃಸ್ಥಿತಿಯನ್ನು ಕಂಡು. ಗಳಗನಾಥರ ಮೊದಲಿನ ಕಾದಂಬರಿ 'ಪ್ರಬುದ್ಧ ಪದ್ಮನಯನೆ'ಗೆ ಬಹುಮಾನವನ್ನಿತ್ತು ಬೆನ್ನು ತಟ್ಟಿದುದೂ ಆ ಸಂಘವೇ.

1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯು ಹೊರಟಿತು. ಗಳಗನಾಥರು ಅದಕ್ಕೆ ಜೀವಾಳವಾದರು. ಮುಂದೆ 'ಸದ್ಗುರು' ಪತ್ರಿಕೆಯನ್ನೂ ನಡೆಸಿದರು. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಆದರೆ ಬರೆದು ಸುಮ್ಮನೆ ಕುಳಿತವರಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಗ್ರಂಥಕರ್ತನೇ ಪ್ರಕಾಶಕ, ಅವನೇ ಹಮಾಲ, ಅವನೇ ವ್ಯಾಪಾರಿ! 1942ರಲ್ಲಿ ಅವರು ದೇಹವಿಟ್ಟಾಗ ಅವರು ಬಿಟ್ಟುಹೋದ ಆಸ್ತಿಯೆಂದರೆ ಕನ್ನಡ ಓದುವ ಮಂದಿ.

ಈ ವ್ಯಾಪಾರವು ಎಷ್ಟು ಕಠಿಣವಾದದ್ದೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದದವನಿಗೂ ಛಾಪಖಾನೆಯವನಿಗೂ ಹಣವನ್ನು ಮೊದಲು ಎಣಿಸಬೇಕು. ಕೊಳ್ಳುವವನಾದರೋ ಉದ್ರಿ ಎನ್ನುವನು. ಮಾರದೆ ಉಳಿದ ಪ್ರತಿಗಳು ಮನೆಯ ಮೂಲೆಯಲ್ಲಿ ಗೆದ್ದಲಿಗೆ ಊಟವಾಗುವವು. ಆದುದರಿಂದಲೇ ವರ್ಗಣಿಯ ಪದ್ಧತಿ: ಓದುಗನು ಮುಂಗಡವಾಗಿ ವರ್ಷದ ವರ್ಗಣಿಯನ್ನು ಕೊಡುವನು, ಆ ಹಣವೇ ಮುಂದಿನ ಪುಸ್ತಕಕ್ಕೆ ಬಂಡವಲು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಬೇರೂರಿದುದೂ ಇಂಥ ವರ್ಗಣಿದಾರರ ವಿಶ್ವಾಸದ ಮೇಲೆಯೇ. ಓದುಗನು ಇಲ್ಲಿ ಬರಿಯ ಗಿರಾಕಿಯಲ್ಲ, ಪಾಲುದಾರನು.

"ಅವರ ಕಾದಂಬರಿಗಳು ಗ್ರಂಥಾಲಯಗಳಲ್ಲಿವೆಯಷ್ಟೇ! ಇನ್ನು ಹಳೆಯ ಕಾಗದ ಪತ್ರಗಳ ಗೊಡವೆ ಏಕೆ?" ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಕಾಯಿದೆಯ ಪ್ರಕಾರ ಗ್ರಂಥಕರ್ತನು ತೀರಿದ ತರುವಾಯ 60 ವರ್ಷಗಳವರೆಗೆ ಗ್ರಂಥದ ಹಕ್ಕು ಅವನ ವಾರಸುದಾರರದು. ಹೀಗೆ ಗಳಗನಾಥರು ಪ್ರಕಟಿಸಿದ ಕಾದಂಬರಿಗಳು 2003ರಿಂದ ಸರ್ವರ ಸ್ವತ್ತಾಗಿವೆ. ಯಾರೂ ಅವನ್ನು ಮತ್ತೆ ಅಚ್ಚು ಹಾಕಬಹುದು. ಆದರೆ ಮರುಮುದ್ರಣವು ಕಥೆಯನ್ನು ಕೊಟ್ಟೀತು; ಕಥೆಯ ಬಾಳನ್ನು ಕೊಡಲಾರದು.

ಅವರ ಅನೇಕ ಕಾದಂಬರಿಗಳಿಗೆ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳು ಆಧಾರ. ಈ ಊರಿನಲ್ಲಿ ಎರಡೂ ಭಾಷೆಗಳು ಒಂದೇ ಕಟ್ಟೆಯ ಮೇಲೆ ಕುಳಿತು ವ್ಯವಹರಿಸುತ್ತವೆ. ಸಾಲ ತಂದುದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ. ಆದರೆ ತಂದುದರಲ್ಲಿ ಎಷ್ಟನ್ನು ಬಿಟ್ಟರು, ಎಷ್ಟನ್ನು ತಮ್ಮದಾಗಿ ಬೆಳೆಸಿದರು? ವಿಜಯನಗರದ ಉದಯವನ್ನು ಕುರಿತ 'ಮಾಧವ ಕರುಣಾ ವಿಲಾಸ'ವೆಂಬ ಸ್ವತಂತ್ರ ಕಾದಂಬರಿಯನ್ನು 1923ರಲ್ಲಿ ಹೊರತರುವಷ್ಟು ಧೈರ್ಯವು ಅವರಿಗೆ ಹೇಗೆ ಬಂದಿತು? ಇಂಥ ಪ್ರಶ್ನೆಗಳಿಗೆ ಉತ್ತರವಿರುವದು ಅಚ್ಚಾದ ಪುಸ್ತಕದಲ್ಲಲ್ಲ; ತಿದ್ದಿದ ಹಸ್ತಪ್ರತಿಯಲ್ಲಿ, ಓದುಗರು ಬರೆದ ಕಾಗದಗಳಲ್ಲಿ, ಪತ್ರಿಕೆಯ ರಕ್ಷಾಪುಟದ ಜಾಹೀರಾತಿನಲ್ಲಿ, ಟಪಾಲಿನ ಖರ್ಚಿನ ಚೀಟಿಯಲ್ಲಿ.

ಇನ್ನೊಂದು ಮಾತು. ಆ ಕಾಲದಲ್ಲಿ ಕನ್ನಡನಾಡೆಂಬುದು ಯಾವ ಸರಕಾರದ ನಕಾಶೆಯಲ್ಲಿಯೂ ಇರಲಿಲ್ಲ. ಮುಂಬಯಿ, ಮದ್ರಾಸ, ಮೈಸೂರು, ಹೈದರಾಬಾದ, ಕೊಡಗು, ಮೇಲೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳಂಥ ಸಂಸ್ಥಾನಗಳು. ಹೀಗೆ ಹರಿದು ಹಂಚಿಹೋದ ನಾಡಿನಲ್ಲಿ ಗಡಿಯನ್ನು ಕೇಳದೆ ದಾಟಬಲ್ಲದ್ದು ಟಪಾಲಿನ ಚೀಲವೊಂದೇ. ಆ ಚೀಲದೊಳಗಿನ ಕನ್ನಡ ಮಾಸಪತ್ರಿಕೆಯು ಯಾವ ಯಾವ ಊರಿನ ಯಾವ ಯಾವ ಮನೆಯಲ್ಲಿ ಇಳಿಯಿತೆಂಬ ಯಾದಿಯು, 1956ನೆಯ ನವೆಂಬರ 1ರಂದು ಒಂದಾದ ನಾಡಿನ ಮೊದಲನೆಯ ನಕಾಶೆಯಲ್ಲವೇ? ಸಭೆಗಳ ಠರಾವುಗಳನ್ನು ನಾವು ಜೋಪಾನ ಮಾಡಿದ್ದೇವೆ. ವರ್ಗಣಿದಾರರ ಯಾದಿಗಳನ್ನು ಜೋಪಾನ ಮಾಡುವದು ಮಾತ್ರ ನಮ್ಮ ಮನಸ್ಸಿಗೆ ಬರಲಿಲ್ಲ.

ನಾನು ಬಾಲಕನಾಗಿದ್ದಾಗ ಒಮ್ಮೆ ಅಂಗಡಿಯಿಂದ ಜೀರಿಗೆಯ ಪುಡಿಕೆಯನ್ನು ತಂದು ಬಿಚ್ಚಿದೆ. ಅದು ಯಾವದೋ ಹಳೆಯ ಕನ್ನಡ ಕಾದಂಬರಿಯ ಹಾಳೆ. ಒಬ್ಬ ತಾಯಿ ಮಗನನ್ನು ದಂಡಿಗೆ ಕಳಿಸುವ ಪ್ರಸಂಗ. ಅರ್ಧ ವಾಕ್ಯಕ್ಕೆ ಹಾಳೆ ಮುಗಿದಿತ್ತು. ನಮ್ಮ ಅಜ್ಜಿಗೆ ಓದಿ ತೋರಿಸಿದೆ. ಆಕೆ, "ಮುಂದೇನಾತೋ? ಹುಡುಗ ತಿರುಗಿ ಬಂದನೇನು?" ಎಂದು ಕೇಳಿದಳು. ನಾನು ಅಂಗಡಿಗೆ ಓಡಿದೆ. ರದ್ದಿಯ ಉಳಿದ ಹಾಳೆಗಳು ಆಗಲೇ ಪುಡಿಕೆಗಳಾಗಿ ಊರೆಲ್ಲ ಹಂಚಿಹೋಗಿದ್ದವು. ಗ್ರಂಥದ ಹೆಸರೂ ತಿಳಿಯಲಿಲ್ಲ, ಕರ್ತನ ಹೆಸರೂ ತಿಳಿಯಲಿಲ್ಲ. ಅಂಗಡಿಯವನ ತಪ್ಪು ಏನೂ ಇಲ್ಲ. ಅವನಿಗೆ ಆ ರದ್ದಿಯನ್ನು ತೂಗಿ ಕೊಟ್ಟವರು ಓದು ಬಲ್ಲ ನಮ್ಮಂಥವರೇ. ಅಜ್ಜಿಯ ಆ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ.

ಇದು ಹಾವೇರಿಯವರ ಕೆಲಸವೆಂದು ಬೆಳಗಾವಿಯವರು ಕೈ ತೊಳೆದುಕೊಳ್ಳುವಂತಿಲ್ಲ. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು (1919–1989) ನಮ್ಮ ಜಿಲ್ಲೆಯವರೇ. ಪತ್ರಿಕೆಗಳಲ್ಲಿ ದುಡಿದು, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಯನ್ನು ಕಂಡು, ಲೇಖನಿಯನ್ನೇ ನಂಬಿ ಬಾಳಿದವರು. ಅವರ 'ಜ್ವಾಲಾಮುಖಿಯ ಮೇಲೆ' ಕಾದಂಬರಿಯನ್ನು ಓದಿ ನಿದ್ದೆಗೆಟ್ಟವರು ಈ ಸಭೆಯಲ್ಲಿಯೂ ಇದ್ದಾರು. ಅವರ ಹೆಸರಿನ ಪ್ರತಿಷ್ಠಾನವು ಇದೇ ಬೆಳಗಾವಿಯಲ್ಲಿದೆ. ಸಂಸ್ಥೆಗಳು ಮಾಡುವ ಕೆಲಸವನ್ನು ಮಾಡಲಿ. ಆದರೆ ಗ್ರಂಥಕರ್ತನ ಕಾಗದಗಳು ಅವನ ಮನೆಯಲ್ಲಷ್ಟೇ ಇರುವದಿಲ್ಲ. ಅವನು ಬರೆದ ಪತ್ರವು ಇರುವದು ಅದನ್ನು ಪಡೆದವನ ಮನೆಯಲ್ಲಿ; ಎಂದರೆ ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ.

ಆದುದರಿಂದ ಮೂರು ವಿಜ್ಞಾಪನೆಗಳು. ಒಂದನೆಯದು: ಅಟ್ಟವನ್ನು ಸ್ವಚ್ಛ ಮಾಡುವಾಗ ಕನ್ನಡದ ಹಳೆಯ ಮಾಸಪತ್ರಿಕೆ, ಕಾರ್ಡು, ವರ್ಗಣಿಯ ಪಾವತಿಗಳೇನಾದರೂ ದೊರೆತರೆ, ಓದು ಬಲ್ಲವರೊಬ್ಬರಿಗೆ ತೋರಿಸದೆ ರದ್ದಿಗೆ ಹಾಕಬೇಡಿರಿ. ಎರಡನೆಯದು: ಮರದ ತಿರುಳಿನಿಂದ ಮಾಡಿದ ಹಳೆಯ ಕಾಗದದಲ್ಲಿ ಆಮ್ಲವಿರುವದರಿಂದ ಅದು ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ, ಅಟ್ಟದ ಸೆಕೆಯಲ್ಲಿ ಇನ್ನೂ ಬೇಗ. ಅದನ್ನು ತಂಪಾದ, ಒಣಗಿದ ಕಪಾಟಿನಲ್ಲಿಡಿರಿ, ಅಂಟುಪಟ್ಟಿ ಹಚ್ಚಬೇಡಿರಿ, ಎಲ್ಲಿ, ಯಾರ ಮನೆಯಲ್ಲಿ ದೊರೆಯಿತೆಂಬುದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಿರಿ. ಮೂರನೆಯದು ಶಿಕ್ಷಕರಿಗೆ: ಇಂದು ಕೈಯಲ್ಲಿಯ ಮೊಬೈಲಿನಿಂದಲೇ ಪುಟಪುಟದ ಚಿತ್ರವನ್ನು ತೆಗೆಯಬಹುದು. ಮಕ್ಕಳಿಗೆ ಈ ಕೆಲಸವನ್ನು ಕಲಿಸಿರಿ. ಮೂಲವು ಮನೆಯವರಲ್ಲಿಯೇ ಉಳಿಯಲಿ. ಪ್ರತಿಯು ನಾಡಿಗೆ ಸಲ್ಲಲಿ.

ಗಳಗನಾಥರು ಗಂಟನ್ನು ಹೊತ್ತು ನಮ್ಮ ಹಿರಿಯರ ಬಾಗಿಲಿಗೆ ಬಂದರು. ನಮ್ಮ ಹಿರಿಯರು ಪುಸ್ತಕಕ್ಕೆ ಬೆಲೆಯನ್ನು ಕೊಟ್ಟರು. ನಡೆದು ಬಂದ ದಾರಿಗೆ ಯಾರೂ ಬೆಲೆ ಕಟ್ಟಲಿಲ್ಲ. ಆ ಬಾಕಿಯು ನಮ್ಮ ಖಾತೆಯಲ್ಲಿ ಇನ್ನೂ ಉಳಿದಿದೆ. ಬಾಕಿಯನ್ನು ಉಳಿಸಿಕೊಂಡು ಹೊಸ ವಹಿಗೆ ಪೂಜೆ ಮಾಡುವದು ಈ ಪೇಟೆಯ ರೂಢಿಯಲ್ಲವೆಂದು ನಾನು ಬಲ್ಲೆನು.