ಆಟೋಟದಲ್ಲಿ ಪ್ರತಿಭೆ ಮತ್ತು ಉತ್ಸಾಹ

ಒಬ್ಬನು ಕವಿಯಾಗುವುದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಎತ್ತಿಕೊಂಡಿದ್ದಾರೆ. ಹುಟ್ಟಿನೊಡನೆ ಬಂದ ಪ್ರತಿಭೆ, ನಿರ್ಮಲವಾದ ವಿದ್ಯೆ, ಎಡೆಬಿಡದ ಪ್ರಯತ್ನ ಎಂದು ದಂಡಿ ಮೂರನ್ನು ಹೇಳುತ್ತಾನೆ. ಅವನ ನಂತರ ಬಂದ ಮಮ್ಮಟನಾದರೋ, ಇಂಥವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆನ್ನುತ್ತಾನೆ. ಓಡುವ ಹುಡುಗನಿಗೂ ಕಬಡ್ಡಿಯಾಡುವ ಹುಡುಗಿಗೂ ಈ ಮಾತನ್ನು ಅನ್ವಯಿಸಿದರೆ ತಪ್ಪಾಗಲಾರದು. ಆದರೆ ಮೈದಾನದ ಅಂಚಿನಲ್ಲಿ ನಿಂತಾಗ ನಾವು ಮೂರನ್ನೂ ನೋಡುವುದಿಲ್ಲ, ಮೊದಲನೆಯದನ್ನೇ ಹುಡುಕುತ್ತೇವೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಾಲಗೆಯ ತುದಿಯಲ್ಲೇ ಇರುತ್ತದೆ. ಗಾದೆ ಸುಳ್ಳಲ್ಲ, ಅದನ್ನು ಪ್ರಯೋಗಿಸುವ ನಮ್ಮ ಅವಸರ ಮಾತ್ರ ಒಳ್ಳೆಯದಲ್ಲ. ಆ ಅವಸರದಿಂದ ಏನೇನು ಕೆಡುತ್ತದೆಂಬುದನ್ನು ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಸಸಿಮಡಿಯಲ್ಲಿ ಹದಿನೈದು ದಿನ ಮೊದಲು ಬಿತ್ತಿದ ಬೀಜದ ಸಸಿ ಎತ್ತರವಾಗಿರುತ್ತದೆ. ಅದನ್ನು ತಳಿಯ ಗುಣವೆಂದು ಯಾವ ರೈತನೂ ತಿಳಿಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹಾಗೆ ತಿಳಿಯುತ್ತೇವೆ. ಒಂದೇ ವಯೋವರ್ಗದ ಇಬ್ಬರು ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರವಿರಬಹುದು. ಹನ್ನೆರಡನೆಯ ವಯಸ್ಸಿನಲ್ಲಿ ಆ ಅಂತರವೆಂದರೆ ಎತ್ತರದಲ್ಲಿ ಒಂದೆರಡು ಅಂಗುಲ, ತೋಳಿನಲ್ಲಿ ಅಷ್ಟು ಬಲ. ಕೆನಡಾ ದೇಶದ ಐಸ್ ಹಾಕಿ ತಂಡಗಳನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞರು 1985ರಲ್ಲಿ ಒಂದು ವಿಚಿತ್ರವನ್ನು ಕಂಡುಹಿಡಿದರು: ಆಯ್ಕೆಯಾದ ಹುಡುಗರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಅಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ ಹಿಡಿಯುವುದು. ಮೊದಲೇ ಹುಟ್ಟಿದವನು ದೊಡ್ಡವನಾಗಿ ಕಾಣುತ್ತಾನೆ, ದೊಡ್ಡವನೆಂದು ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ದೊರೆಯುತ್ತದೆ, ಕೊನೆಗೆ ಅವನು ನಿಜವಾಗಿಯೂ ಉತ್ತಮನಾಗುತ್ತಾನೆ. ಬಿಟ್ಟುಹೋದವನು ‘ನನ್ನಲ್ಲಿ ಸತ್ವವಿಲ್ಲ’ ಎಂದುಕೊಂಡು ಆಟವನ್ನೇ ಬಿಡುತ್ತಾನೆ.

ಪ್ರತಿಭೆಯ ಹಾಗೆಯೇ ಉತ್ಸಾಹವನ್ನು ಅಳೆಯುವಾಗಲೂ ಕಣ್ಣು ಮೋಸಹೋಗುವುದುಂಟು. ನಮ್ಮ ಸಾಗರ ತಾಲ್ಲೂಕಿನ ಹೊಳೆಬಾಗಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ದಶಕಗಳ ಕಾಲ ಲಾಂಚೇ ಗತಿಯಾಯಿತು. ಸಂಜೆ ಲಾಂಚು ನಿಂತರೆ ಆಚೆಯವರು ಆಚೆ, ಈಚೆಯವರು ಈಚೆ. ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ನಿಲ್ಲದೆ ಚೀಲ ಹೆಗಲಿಗೇರಿಸಿ ಹೊರಡುವ ಆಚೆ ದಡದ ಹುಡುಗನನ್ನು ನೋಡಿದವರು ‘ಇವನಿಗೆ ಆಸಕ್ತಿ ಸಾಲದು’ ಎನ್ನುವುದು ಸುಲಭ. ಅಡ್ಡಿಯಿದ್ದುದು ಅವನ ಮನಸ್ಸಿನಲ್ಲಲ್ಲ, ಹೊಳೆಯಲ್ಲಿ. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ಆದರೂ ಹೊಸನಗರ, ತೀರ್ಥಹಳ್ಳಿಗಳ ಒಳಹಳ್ಳಿಗಳಲ್ಲಿ ಕೊನೆಯ ಬಸ್ಸು, ಕಾಡುದಾರಿ, ಮಳೆಗಾಲದ ಹಳ್ಳಗಳು ಮಕ್ಕಳ ಉತ್ಸಾಹಕ್ಕೆ ಇಂದಿಗೂ ಗಡುವು ಹಾಕುತ್ತವೆ. ಹೆಣ್ಣುಮಕ್ಕಳಿಗಂತೂ ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಇನ್ನೊಂದು ಹೊಳೆ ಅಡ್ಡವಿದೆ. ಮಗುವಿಗೆ ಮನಸ್ಸಿಲ್ಲವೆಂದು ತೀರ್ಮಾನಿಸುವ ಮೊದಲು ದಾರಿಯಿದೆಯೆ ಎಂದು ನೋಡುವುದು ಹಿರಿಯರ ಕರ್ತವ್ಯ.

ಹಾಗಾದರೆ ನಿಜವಾದ ಪ್ರತಿಭೆ ಬೆಳೆಯುವ ಬಗೆ ಹೇಗೆ? ಅಮೆರಿಕದ ವಿದ್ವಾಂಸರಾದ ಬೆಂಜಮಿನ್ ಬ್ಲೂಮ್ ಅವರು ತಮ್ಮ ಸಂಗಡಿಗರೊಡನೆ, ಈಜು, ಟೆನಿಸ್, ಸಂಗೀತ, ಗಣಿತ ಮೊದಲಾದವುಗಳಲ್ಲಿ ಉನ್ನತಿಗೇರಿದ ಸುಮಾರು 120 ಮಂದಿಯ ಬಾಲ್ಯವನ್ನು ವಿಚಾರಿಸಿ 1985ರಲ್ಲಿ ಗ್ರಂಥವೊಂದನ್ನು ಹೊರತಂದರು. ಅವರಲ್ಲಿ ಬಹುಮಂದಿ ಎಳವೆಯಲ್ಲಿ ಅದ್ಭುತ ಬಾಲಕರೆಂದು ಹೆಸರಾದವರಲ್ಲ. ಅವರ ಮೊದಲ ಗುರುಗಳೂ ಮಹಾಪಂಡಿತರಲ್ಲ. ಮಕ್ಕಳನ್ನು ಪ್ರೀತಿಯಿಂದ ಕಂಡು ಆಟವನ್ನು ಆಟವಾಗಿಯೇ ಕಲಿಸಿದವರು. ಕಟ್ಟುನಿಟ್ಟಿನ ಅಭ್ಯಾಸ ಎರಡನೆಯ ಹಂತದಲ್ಲಿ ಬಂದಿತು. ಆಟವೇ ಬಾಳೆಂಬ ನಿಷ್ಠೆ ಮೂರನೆಯದರಲ್ಲಿ. ನಾವೋ ಮೂರನೆಯ ಮೆಟ್ಟಿಲನ್ನು ಮೊದಲಿಗೇ ಹತ್ತಿಸಲು ಹೋಗುತ್ತೇವೆ.

ಬಹುಮಾನದ ಆಸೆ ತೋರಿಸಿದರೆ ಉತ್ಸಾಹ ಬಾರದೆ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ನಿಲ್ಲುತ್ತದೆಯೆ? 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಸಂತೋಷಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಒಂದೆರಡು ವಾರಗಳ ಮೇಲೆ ಅದೇ ಮಕ್ಕಳು, ಬಹುಮಾನದ ಸುದ್ದಿಯಿಲ್ಲದ ಮಕ್ಕಳಿಗಿಂತ ಕಡಮೆ ಹೊತ್ತು ಚಿತ್ರ ಬರೆದರು. ಆಟ ಕೂಲಿಯಾಯಿತು. ಹೇಳದೆ ಕೊಟ್ಟ ಬಹುಮಾನದಿಂದ ಈ ಕೇಡು ಆಗಲಿಲ್ಲವೆಂಬುದನ್ನೂ ಗಮನಿಸಬೇಕು. ಶಾಲೆಯ ಕ್ರೀಡಾದಿನದಲ್ಲಿ ಕೊಡುವ ಸ್ಟೀಲ್ ಲೋಟ ಗೌರವದ ಗುರುತಾಗಿರಲಿ, ಆಮಿಷವಾಗುವುದು ಬೇಡ.

ಮನುಷ್ಯನ ಉತ್ಸಾಹಕ್ಕೆ ಮೂರು ಹಸಿವುಗಳಿವೆಯೆಂದು ಡೆಸಿ ಮತ್ತು ರಯನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರತಿಪಾದಿಸಿದ್ದಾರೆ. ಇದು ನನ್ನ ಇಚ್ಛೆ ಎನ್ನುವ ಸ್ವಾತಂತ್ರ್ಯ, ಇದು ನನಗೆ ಕೈಗೂಡುತ್ತಿದೆ ಎನ್ನುವ ಭರವಸೆ, ಇವರೆಲ್ಲ ನನ್ನವರು ಎನ್ನುವ ಬಾಂಧವ್ಯ. ಇವುಗಳ ಬೆಳಕಿನಲ್ಲಿ ಘಟ್ಟದ ಕೆಳಗಿನ ಒಂದು ಪ್ರಸಂಗವನ್ನು ನೋಡಬಹುದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ ಸುಮಾರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಬೆಂಗಳೂರಿನಲ್ಲಿ ಪರೀಕ್ಷಾ ಓಟಕ್ಕೆ ಕರೆಯೂ ಬಂದಿತು. ಗೌಡರು ಒಪ್ಪಲಿಲ್ಲ, ಕೆಸರುಗದ್ದೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದರು. ಕೆಲವರು ಇದನ್ನು ಕೈಬಿಟ್ಟ ಅವಕಾಶವೆಂದರು. ನನಗಾದರೋ ಅದು ತನ್ನ ನೆಲವನ್ನೂ ತನ್ನ ಇಚ್ಛೆಯನ್ನೂ ಬಲ್ಲವನ ಮಾತಾಗಿ ತೋರುತ್ತದೆ.

ಇನ್ನು ಸೋಲಿನ ಮಾತು. ನಮ್ಮ ಜಿಲ್ಲೆಯ ಭದ್ರಾವತಿಯವರಾದ ಗುಂಡಪ್ಪ ವಿಶ್ವನಾಥ್ 1969ರ ನವೆಂಬರಿನಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಪಂದ್ಯವಾಡಿದರು. ಮೊದಲ ಸರದಿಯಲ್ಲಿ ಸೊನ್ನೆ. ತಂಡದ ನಾಯಕರಾದ ಪಟೌಡಿಯವರು, ಚಿಂತಿಸಬೇಡ, ನೂರು ಹೊಡೆಯುತ್ತೀಯೆ ಎಂಬರ್ಥದ ಧೈರ್ಯದ ಮಾತನ್ನು ಹೇಳಿದರೆಂದು ವಿಶ್ವನಾಥರೇ ನೆನೆದಿದ್ದಾರೆ. ಎರಡನೆಯ ಸರದಿಯಲ್ಲಿ ಬಂದದ್ದು 137. ಮಾತಿನಿಂದಲೇ ಓಟಗಳು ಬಂದವೆಂದಲ್ಲ. ಮೈಸೂರಿನ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ 230 ಹೊಡೆದ ಸಾಮರ್ಥ್ಯ ಅವರಲ್ಲಿ ಮೊದಲೇ ಇತ್ತು. ಕಡಲ ತಡಿಯಲ್ಲಿ ಜಾಂಬವಂತನು ಹನುಮಂತನಿಗೆ ಹೊಸ ಬಲವನ್ನು ಕೊಡಲಿಲ್ಲ, ಇದ್ದ ಬಲವನ್ನು ನೆನಪಿಸಿದನು. ಗುರುವಿನ ಕೆಲಸ ಅಷ್ಟೆ, ಆದರೆ ಅದು ಸಣ್ಣ ಕೆಲಸವಲ್ಲ.

ನೆನಪಿಸುವವರು ನಡುದಾರಿಯಲ್ಲಿ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಪಕ್ಕದ ಉತ್ತರ ಕನ್ನಡ ಜಿಲ್ಲೆಯೇ ಸಾಕ್ಷಿ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಲ್ಲಿ ಅಲ್ಲಿನ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕದ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲಿಯೇ ಇದೆಯೆಂಬ ನಂಬಿಕೆ ಅದರ ಹಿಂದಿತ್ತು. ಆ ಮಕ್ಕಳಲ್ಲಿ ಕೆಲವರು ಪದಕ ಗೆದ್ದರು, ಕೆಲವರಿಗೆ ಉದ್ಯೋಗ ದೊರೆಯಿತು. ಆದರೆ 1990ರ ದಶಕದ ಆದಿಯಲ್ಲಿ ಯೋಜನೆ ನಿಂತುಹೋಯಿತು. ಬಹುಮಂದಿಯ ಓಟವೂ ಅಲ್ಲಿಗೇ ನಿಂತಿತು. ರಕ್ತ ಮೊದಲಿನದೇ ಇತ್ತು. ಇಲ್ಲವಾದದ್ದು ಗುರು, ಊಟ, ಮೈದಾನ, ನಾಳೆಯೂ ಇದು ಇರುತ್ತದೆಂಬ ನಂಬಿಕೆ. ಮೂರೂ ಕೂಡಿ ಒಂದೇ ಕಾರಣವೆಂದ ಮಮ್ಮಟನ ಮಾತಿಗೆ ಇದಕ್ಕಿಂತ ನೋವಿನ ಉದಾಹರಣೆ ಬೇಕೆ?

ದೊಡ್ಡ ಯೋಜನೆಗಳು ನಮ್ಮ ಕೈಯಲ್ಲಿಲ್ಲದಿರಬಹುದು. ಮನೆಯ ಮಾತು ನಮ್ಮ ಕೈಯಲ್ಲಿದೆ. ಮಗು ಪಂದ್ಯ ಮುಗಿಸಿ ಬಂದಾಗ ‘ಗೆದ್ದೆಯಾ?’ ಎಂಬುದೇ ಮೊದಲ ಪ್ರಶ್ನೆಯಾಗದಿರಲಿ. ‘ಆಟ ಹೇಗಿತ್ತು? ಇವತ್ತು ಹೊಸದಾಗಿ ಏನು ಬಂತು?’ ಎಂದು ಕೇಳಿ. ಪಕ್ಕದ ಮನೆಯವನೊಡನೆ ಹೋಲಿಸಬೇಡಿ. ಕಳೆದ ತಿಂಗಳ ಅವನೊಡನೆಯೇ ಅವನನ್ನು ಹೋಲಿಸಿ. ಹತ್ತನೆಯ ತರಗತಿ ಬಂತೆಂದು ಆಟವನ್ನು ಪೂರ್ತಿಯಾಗಿ ಬಿಡಿಸಬೇಡಿ. ದಿನಕ್ಕೆ ಅರ್ಧ ತಾಸಾದರೂ ಉಳಿಸಿ. ಹೆಣ್ಣುಮಗಳು ಅಭ್ಯಾಸಕ್ಕೆ ನಿಂತರೆ ಮನೆಯವರೊಬ್ಬರು ಹೋಗಿ ಕರೆತನ್ನಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ದಂಡಿಯ ಇನ್ನೊಂದು ಅಭಿಪ್ರಾಯವನ್ನು ಹೇಳಿ ಮುಗಿಸುತ್ತೇನೆ. ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದಿದ್ದರೂ, ಶ್ರದ್ಧೆಯಿಂದ ಸೇವಿಸಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆಂದು ಅವನ ನಂಬಿಕೆ. ಆಟದ ಬಯಲೂ ಹಾಗೆಯೇ. ಎಲ್ಲರಿಗೂ ಅದು ಪದಕ ಕೊಡಲಾರದು. ಆದರೆ ಪ್ರೀತಿಯಿಂದ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ.